ಬೂದುಗಟ್ಟಿದ ಹಸುಳೆಯ ಮುಖ: ಆರ್ಕ್ಟಿಕ್ ಅನ್ವೇಷಕನೊಬ್ಬನ ಜಲವರ್ಣ ಚಿತ್ರದ ಪ್ರಕರಣ ಅಧ್ಯಯನ

ಬ್ರಿಟನ್ನಿನ ನೌಕಾಧಿಕಾರಿಯೊಬ್ಬ ತನ್ನ ಹಸುಗೂಸನ್ನು ನೋಡಿ ಬರೆದ ಜಲವರ್ಣ ಚಿತ್ರವೊಂದರ ಸಂರಕ್ಷಣೆಯ ಪ್ರಕರಣವಿದು. ಕುಟುಂಬದವರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಕೂಸಿನ ಮುಖದ ಮೇಲಿನ ಬೂದು ಕಲೆ ಹೋಗುತ್ತದೆಯೇ? ಅದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿತ್ತು. ಈ ಕೂಸು ಬದುಕಿದ್ದಾಗ ಬರೆದ ಚಿತ್ರವೋ, ತೀರಿಕೊಂಡ ಮೇಲೆ ಬರೆದದ್ದೋ? ಮೊದಲನೆಯದಕ್ಕೆ ಪರಿಹಾರ ಹುಡುಕುವ ಭರದಲ್ಲಿ ಎರಡನೆಯದರ ಸಾಕ್ಷ್ಯವೇ ಕರಗಿಹೋಗುವುದರಲ್ಲಿತ್ತು. ಅದು ಹೇಗೆ ಉಳಿಯಿತು, ಕೆಲಸ ಎಲ್ಲೆಲ್ಲಿ ದಾರಿ ಬದಲಿಸಿತು ಎಂಬುದನ್ನು ಇಲ್ಲಿ ವಿವರವಾಗಿ ಕೊಟ್ಟಿದೆ. ಅಧಿಕಾರಿಯ ಹೆಸರು, ಹಡಗು, ಊರು, ನಿಖರವಾದ ಇಸವಿ ಇವನ್ನು ಕುಟುಂಬದ ಕೋರಿಕೆಯಂತೆ ಬಿಟ್ಟಿದೆ. ವಸ್ತು, ಪ್ರಮಾಣ, ಸಮಯಗಳು ಮಾತ್ರ ಇದ್ದಂತೆಯೇ ಇವೆ.

ಹಿನ್ನೆಲೆ

1845ರ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎರೆಬಸ್ ಮತ್ತು ಟೆರರ್ ಎಂಬ ಎರಡು ಹಡಗುಗಳೊಂದಿಗೆ ವಾಯವ್ಯ ಜಲಮಾರ್ಗ, ಎಂದರೆ ಆರ್ಕ್ಟಿಕ್ ಮೂಲಕ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ದಾರಿ, ಹುಡುಕಿಕೊಂಡು ಹೊರಟ. ಆತನೂ ಸೇರಿ 129 ಮಂದಿ ಮರಳಿ ಬರಲಿಲ್ಲ. 1848ರಿಂದ 1859ರವರೆಗೆ ಅವರನ್ನು ಹುಡುಕಲು ಒಂದರ ಹಿಂದೊಂದು ಹಡಗು ಆರ್ಕ್ಟಿಕ್‌ಗೆ ಹೋದವು. ಆ ಹಡಗುಗಳ ಅಧಿಕಾರಿಗಳಲ್ಲಿ ಅನೇಕರಿಗೆ ಚಿತ್ರ ಬರೆಯುವ ಅಭ್ಯಾಸವಿತ್ತು. ಕರಾವಳಿಯ ಆಕಾರ, ಬೆಟ್ಟದ ಅಂಚು, ಹಿಮಗಡ್ಡೆಯ ರೂಪ ಇವನ್ನು ಕಾಗದಕ್ಕಿಳಿಸುವುದು ಅವರ ಕರ್ತವ್ಯದ ಭಾಗವೇ ಆಗಿತ್ತು. ಇನ್ವೆಸ್ಟಿಗೇಟರ್ ಹಡಗಿನ ಸ್ಯಾಮ್ಯುಯೆಲ್ ಗರ್ನಿ ಕ್ರೆಸ್‌ವೆಲ್‌ನ ಚಿತ್ರಗಳು 1854ರಲ್ಲಿ, ವಾಲ್ಟರ್ ವಿಲಿಯಂ ಮೇ ಬರೆದವು 1855ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದವು. ನಮ್ಮ ಪ್ರಕರಣದ ಅಧಿಕಾರಿಯೂ ಈ ಶೋಧದ ಹಡಗೊಂದರಲ್ಲಿದ್ದವನು, ಎರಡು ಚಳಿಗಾಲಗಳನ್ನು ಹಿಮದ ನಡುವೆ ಕಳೆದವನು.

ಅಂಥ ಚಳಿಯಲ್ಲಿ ಜಲವರ್ಣ ನಡೆಯುವುದಿಲ್ಲ. ಕುಂಚದ ನೀರು ಕಾಗದದ ಮೇಲೆಯೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಹೊರಗೆ ಸೀಸದಕಡ್ಡಿಯಿಂದ ರೇಖೆ ಎಳೆದು, ಯಾವ ಜಾಗಕ್ಕೆ ಯಾವ ಬಣ್ಣ ಎಂದು ಅಂಚಿನಲ್ಲಿ ಅಕ್ಷರದ ಗುರುತು ಹಾಕಿ, ಒಳಗೆ ಒಲೆಯ ಹತ್ತಿರ ಕೂತು ಬಣ್ಣ ತುಂಬುವುದು ರೂಢಿ. ಧ್ರುವಪ್ರದೇಶಕ್ಕೆ ಹೋದ ಚಿತ್ರಕಾರರೆಲ್ಲ ಹೆಚ್ಚುಕಡಿಮೆ ಈ ದಾರಿಯನ್ನೇ ಹಿಡಿದರು. 20ನೇ ಶತಮಾನದ ಆರಂಭದಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದ ಎಡ್ವರ್ಡ್ ವಿಲ್ಸನ್ ಮಾಡಿದ್ದೂ ಇದನ್ನೇ. ಈ ಅಭ್ಯಾಸದ ಮಾತು ಇಲ್ಲೇಕೆ ಬಂತೆಂಬುದು ಮುಂದೆ ತಿಳಿಯುತ್ತದೆ.

ಚಿತ್ರದ ಅಳತೆ 18 × 14 ಸೆಂ.ಮೀ. ದಿಂಬಿನ ಮೇಲೆ ಮಲಗಿದ ಕೂಸು, ತಲೆಗೆ ಲೇಸಿನ ಕುಲಾವಿ, ಮೈತುಂಬ ಉದ್ದನೆಯ ಬಿಳಿ ನಿಲುವಂಗಿ. ಅಂಗಿಯ ಅಂಚಿನಿಂದ ಒಂದು ಪಾದ ಹೊರಕ್ಕೆ ಒದ್ದು ಬಂದಿದೆ. ಕಣ್ಣು ಅರ್ಧ ಮುಚ್ಚಿವೆ. ಭೂದೃಶ್ಯ ಬರೆದು ಪಳಗಿದ ಕೈಯೆಂಬುದು ದಿಂಬಿನ ಮಡಿಕೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಅವುಗಳ ನೆರಳನ್ನು ಆತ ಹಿಮದ ಇಳಿಜಾರಿಗೆ ಹಾಕುವಂತೆಯೇ ನೀಲಿಬೂದು ಬಣ್ಣದ ಒಂದೇ ಎಳೆತದಲ್ಲಿ ಹಾಕಿದ್ದಾನೆ.

ಸಮಸ್ಯೆ

ಚಿತ್ರ ಬಂದಾಗ ಕಳೆದ ಶತಮಾನದ ನಡುಭಾಗದ ಫ್ರೇಮಿನಲ್ಲಿತ್ತು. ಹಿಂದೆ ಸುಮಾರು 2 ಮಿ.ಮೀ. ದಪ್ಪದ ಮರದ ತಿರುಳಿನ ರಟ್ಟು, ಪೂರ್ತಿ ಅಂಟಿಸಿದ್ದು. ಮುಂದೆ ಅದೇ ಜಾತಿಯ ರಟ್ಟಿನ ಕಿಟಕಿ ಮೌಂಟ್, ಎಂದರೆ ಚಿತ್ರ ಕಾಣುವಂತೆ ನಡುವೆ ಕತ್ತರಿಸಿದ ಚೌಕಟ್ಟು. ಇಂಥ ರಟ್ಟಿನಲ್ಲಿ ಉಳಿದ ಮರದ ಅಂಶವಾದ ಲಿಗ್ನಿನ್ ಕಾಲ ಕಳೆದಂತೆ ಆಮ್ಲ ಬಿಡುತ್ತದೆ. ಕಿಟಕಿಯ ಅಂಚಿನುದ್ದಕ್ಕೂ ಕಾಗದದ ಮೇಲೆ ಕಂದು ಗೆರೆ ಬಿದ್ದಿತ್ತು. ಅಲ್ಲಲ್ಲಿ ತುಕ್ಕುಬಣ್ಣದ ಚುಕ್ಕೆಗಳೂ ಇದ್ದವು. ಇವೆಲ್ಲ ಹಳೆಯ ಕಾಗದದ ಸಾಮಾನ್ಯ ಕಾಯಿಲೆಗಳೇ.

ಕಳವಳ ಹುಟ್ಟಿಸಿದ್ದು ಮುಖ. ಎಡಕೆನ್ನೆ, ಹಣೆಯ ಒಂದು ಭಾಗ, ಗಲ್ಲದ ತುದಿ ಈ ಮೂರು ಕಡೆ ಬೂದುಗಪ್ಪು ಮಚ್ಚೆ. ಉಳಿದ ಚರ್ಮ ಮೇಣದ ಹಾಗೆ ಬಿಳಿಚಿಕೊಂಡಿತ್ತು. ಫ್ರೇಮಿನ ಬೆನ್ನಿಗೆ ಯಾರೋ ನಂತರದವರು ಅಂಟಿಸಿದ ಚೀಟಿಯಲ್ಲಿ, ಕೂಸು ತೀರಿಕೊಂಡ ಮೇಲೆ ತಂದೆ ಬರೆದ ಚಿತ್ರ ಎಂಬ ಅರ್ಥದ ಒಕ್ಕಣೆಯಿತ್ತು. ವಿಕ್ಟೋರಿಯಾ ಕಾಲದ ಬ್ರಿಟನ್ನಿನಲ್ಲಿ ತೀರಿಕೊಂಡ ಮಕ್ಕಳ ಚಿತ್ರ ಬರೆಸುವ, ಆಮೇಲೆ ಫೋಟೊ ತೆಗೆಸುವ ಪದ್ಧತಿ ಇದ್ದದ್ದು ನಿಜ. ಬೂದು ಮುಖ, ಅರೆಮುಚ್ಚಿದ ಕಣ್ಣು, ಚೀಟಿ ಮೂರೂ ಸೇರಿ ಕತೆ ಗಟ್ಟಿಯಾಗಿತ್ತು. ಕುಟುಂಬ ಚಿತ್ರವನ್ನು ಸಾರ್ವಜನಿಕ ಸಂಗ್ರಹಕ್ಕೆ ಕೊಡುವ ಯೋಚನೆಯಲ್ಲಿತ್ತು. ಅಲ್ಲಿಗೆ ಹೋದರೆ ಅದು ಮರಣೋತ್ತರ ಭಾವಚಿತ್ರವೆಂದೇ ದಾಖಲಾಗುತ್ತಿತ್ತು.

ಅಧಿಕಾರಿಗೆ ಇಬ್ಬರು ಮಕ್ಕಳು. ಮೊದಲ ಕೂಸು ತಂದೆ ಆರ್ಕ್ಟಿಕ್‌ನಲ್ಲಿದ್ದಾಗಲೇ ತೀರಿಕೊಂಡಿತು. ಎರಡನೆಯದು ಆತ ಮರಳಿದ ಮೇಲೆ ಹುಟ್ಟಿ, ಬೆಳೆದು ದೊಡ್ಡದಾಯಿತು. ಇಂಗ್ಲೆಂಡಿನಲ್ಲಿ 1837ರ ಜುಲೈ 1ರಿಂದ ಜನನ ಮರಣಗಳ ಸರ್ಕಾರಿ ನೋಂದಣಿ ಇರುವುದರಿಂದ ಇದರಲ್ಲಿ ಗೊಂದಲವಿರಲಿಲ್ಲ. ಆದರೆ ಈ ದಿನಾಂಕಗಳನ್ನು ಚೀಟಿಯ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ ತಾಳೆಯಾಗುವುದಿಲ್ಲ. ಕೂಸು ತೀರಿಕೊಂಡಾಗ ತಂದೆ ಸಾವಿರಾರು ಮೈಲಿ ದೂರದಲ್ಲಿ ಹಿಮದಲ್ಲಿ ಸಿಕ್ಕಿಕೊಂಡಿದ್ದ. ಸತ್ತ ಕೂಸನ್ನು ಎದುರಿಗಿಟ್ಟುಕೊಂಡು ಬರೆಯುವುದಂತೂ ಸಾಧ್ಯವಿರಲಿಲ್ಲ. ಹಾಗಾದರೆ ನೆನಪಿನಿಂದ ಬರೆದನೇ? ಎರಡನೆಯ ಕೂಸಿನ ಚಿತ್ರಕ್ಕೆ ಮೊದಲನೆಯದರ ಕತೆ ಅಂಟಿಕೊಂಡಿತೇ? ಅಥವಾ ಚಿತ್ರ ಬೇರೆ ಯಾರದಾದರೂ ಕೈಯದೇ? ಕೆಲಸ ಶುರುವಾಗುವಾಗ ಈ ಮೂರಕ್ಕೂ ಉತ್ತರವಿರಲಿಲ್ಲ.

ಮೊದಲು ಹಾಕಿಕೊಂಡ ಯೋಜನೆ ಹೀಗಿತ್ತು: ರಟ್ಟು ಬಿಡಿಸುವುದು, ಕಾಗದವನ್ನು ಒದ್ದೆ ಬ್ಲಾಟಿಂಗ್ ಪೇಪರ್ ಮೇಲಿಟ್ಟು ಆಮ್ಲ ಮತ್ತು ಕಂದುಬಣ್ಣವನ್ನು ಕೆಳಕ್ಕೆ ಹೀರಿಸುವುದು, ಮುಖದ ಕಲೆಯನ್ನು ಕೊನೆಗೆ ನೋಡಿಕೊಳ್ಳುವುದು. ಕಾಗದದ ಕೆಲಸದಲ್ಲಿ ಇದು ಎಲ್ಲರೂ ಬಲ್ಲ ಕ್ರಮ, ತಪ್ಪೇನೂ ಅಲ್ಲ. ಈ ಚಿತ್ರಕ್ಕೆ ಮಾತ್ರ ಅದು ಹೊಂದುತ್ತಿರಲಿಲ್ಲ.

ನೀರು ಮುಟ್ಟಿಸುವ ಮುನ್ನ

ಯಾವುದೇ ಒದ್ದೆ ಕೆಲಸಕ್ಕೆ ಮೊದಲು ನಾಲ್ಕು ಬೆಳಕಿನಲ್ಲಿ ಫೋಟೊ ತೆಗೆಯಲಾಯಿತು: ಸಾಮಾನ್ಯ ಬೆಳಕು, ಒಂದು ಪಕ್ಕದಿಂದ ಸವರಿದಂತೆ ಬೀಳುವ ಬೆಳಕು, 365 ನ್ಯಾನೊಮೀಟರ್‌ನ ಅತಿನೇರಳೆ, ಸುಮಾರು 1000 ನ್ಯಾನೊಮೀಟರ್‌ವರೆಗಿನ ಅವಕೆಂಪು. ಜೊತೆಗೆ ಎಕ್ಸ್‌ಆರ್‌ಎಫ್ ಎಂಬ ಎಕ್ಸ್-ಕಿರಣದ ಉಪಕರಣದಿಂದ ಒಂದೊಂದು ಚುಕ್ಕೆಯಲ್ಲೂ ಯಾವ ಲೋಹವಿದೆ ಎಂದು ನೋಡಲಾಯಿತು. ಇಷ್ಟಕ್ಕೂ ಕಾಗದವನ್ನು ಮುಟ್ಟಬೇಕಾಗಿಲ್ಲ.

ಅತಿನೇರಳೆಯಲ್ಲಿ ಕುಲಾವಿಯ ಲೇಸು ಹಳದಿಹಸಿರಾಗಿ ಹೊಳೆಯಿತು. ಅದು ಸತುವಿನ ಬಿಳಿಯ ಗುರುತು. ಎಕ್ಸ್‌ಆರ್‌ಎಫ್‌ನಲ್ಲೂ ಅಲ್ಲಿ ಸತುವೇ ಕಂಡಿತು. ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1834ರಲ್ಲಿ ಚೈನೀಸ್ ವೈಟ್ ಹೆಸರಿನಲ್ಲಿ ಸತುವಿನ ಬಿಳಿಯನ್ನು ಮಾರುಕಟ್ಟೆಗೆ ತಂದಿತ್ತು. ಜಲವರ್ಣದವರು ಅದನ್ನು ಬೇಗ ಒಪ್ಪಿಕೊಂಡದ್ದಕ್ಕೆ ಕಾರಣ ಅದು ಕಪ್ಪಾಗುವುದಿಲ್ಲ ಎಂಬುದು. ಮುಖದ ಮಚ್ಚೆಗಳಲ್ಲಿ ಮಾತ್ರ ಸತುವಿರಲಿಲ್ಲ. ಅಲ್ಲಿ ಸಿಕ್ಕಿದ್ದು ಸೀಸ ಮತ್ತು ಪಾದರಸ. ಎಂದರೆ ಸೀಸದ ಬಿಳಿಗೆ ಪಾದರಸದ ಕೆಂಪು ಬಣ್ಣವಾದ ಇಂಗಳೀಕ ಬೆರೆಸಿ ಮಾಡಿದ ತಿಳಿಗುಲಾಬಿ. ಚಿತ್ರದ ಬೇರೆಲ್ಲೂ ಸೀಸವಾಗಲಿ ಪಾದರಸವಾಗಲಿ ಇರಲಿಲ್ಲ.

ಇದರಿಂದ ಎರಡು ಸಂಗತಿ ಒಟ್ಟಿಗೆ ಹೊಳೆದವು. ಮುಖದ ಮೇಲೆ ಬೇರೊಂದು ಕೈ, ಬೇರೊಂದು ಬಣ್ಣದ ಪೆಟ್ಟಿಗೆ ಕೆಲಸ ಮಾಡಿದೆ. ಮತ್ತು ಆ ಬೂದು ಬಣ್ಣವನ್ನು ಯಾರೂ ಹಚ್ಚಿದ್ದಲ್ಲ, ಅದು ಆಮೇಲೆ ಆದದ್ದು. ಎಣ್ಣೆಬಣ್ಣದಲ್ಲಿ ಸೀಸದ ಬಿಳಿಗೆ ಎಣ್ಣೆಯ ಹೊದಿಕೆ ಇರುತ್ತದೆ. ಜಲವರ್ಣದಲ್ಲಿ ಅದನ್ನು ಹಿಡಿದಿಡುವುದು ಗೋಂದಿನ ತೆಳುಪದರ ಮಾತ್ರ. ಕಲ್ಲಿದ್ದಲ ಹೊಗೆ, ಗ್ಯಾಸ್ ದೀಪ ಇವುಗಳಿಂದ ಹೊರಡುವ ಗಂಧಕದ ಅನಿಲ ತಾಗಿದರೆ ಅದು ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಅವಕೆಂಪು ಚಿತ್ರದಲ್ಲಿ ತುಕ್ಕುಚುಕ್ಕೆಗಳು ಮಾಯವಾದರೂ ಈ ಮಚ್ಚೆಗಳು ಕಪ್ಪಾಗಿಯೇ ಉಳಿದದ್ದು ಇದಕ್ಕೆ ಸರಿಹೊಂದಿತು.

ಅವಕೆಂಪು ಚಿತ್ರ ಇನ್ನೊಂದು ಉಪಕಾರ ಮಾಡಿತು. ಸೀಸದಕಡ್ಡಿಯ ಗ್ರಾಫೈಟ್ ಆ ಬೆಳಕಿನಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ, ಮೇಲಿನ ಬಣ್ಣ ಪಾರದರ್ಶಕವಾಗುತ್ತದೆ. ಕೂಸಿನ ಬಲಗೈಯನ್ನು ಮೂರು ಕಡೆ ಬರೆದಿತ್ತು. ಒಂದರಲ್ಲಿ ಬೆರಳು ಬಿಚ್ಚಿವೆ. ಇನ್ನೊಂದರಲ್ಲಿ ಮುಷ್ಟಿ. ಮೂರನೆಯದರಲ್ಲಿ ಹೆಬ್ಬೆರಳು ಒಳಗೆ ಮಡಚಿದೆ. ಬಣ್ಣ ತುಂಬಿರುವುದು ಮೂರನೆಯದಕ್ಕೆ. ಇದನ್ನು ಚಿತ್ರಕಾರ ತನ್ನ ರೇಖೆಯನ್ನು ತಿದ್ದಿಕೊಂಡದ್ದು ಎಂದು ತಳ್ಳಿಹಾಕುವಂತಿಲ್ಲ. ತಿದ್ದುವವನು ಅದೇ ಭಂಗಿಯ ಗೆರೆಯನ್ನು ಆಚೀಚೆ ಸರಿಸುತ್ತಾನೆ. ಇಲ್ಲಿ ಮೂರು ಬೇರೆ ಬೇರೆ ಭಂಗಿಗಳು, ಮೂರರಲ್ಲೂ ಗೆಣ್ಣಿನ ಮಡಿಕೆವರೆಗೆ ಪೂರ್ಣ ರೇಖೆಗಳು. ಎದುರಿಗಿದ್ದ ಕೂಸು ಕೈ ಆಡಿಸುತ್ತಿತ್ತು, ತಂದೆ ಅದರ ಹಿಂದೆಯೇ ಗೆರೆ ಎಳೆಯುತ್ತ ಹೋದ. ಚಿತ್ರದ ರೇಖೆಗಳೊಳಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಇನ್ನೊಂದಿಲ್ಲ. ಸತ್ತ ಕೂಸಿನ ಕೈ ಹೀಗೆ ಮೂರು ಕಡೆ ಬರುವುದಿಲ್ಲ, ನೆನಪಿನಿಂದ ಬರೆಯುವವನಿಗೂ ಹೀಗೆ ಬರೆಯುವ ಅಗತ್ಯವಿಲ್ಲ.

ಮೌಂಟ್ ಎತ್ತಿದಾಗ ಅದರಡಿ ಎರಡು ವಿಷಯ ಸಿಕ್ಕವು. ಅಂಚಿನಲ್ಲಿ ಸೀಸದಕಡ್ಡಿಯ ಪುಟ್ಟ ಅಕ್ಷರಗುರುತುಗಳು, ಅವುಗಳಿಂದ ಕೆನ್ನೆಗೊಂದು ಪಾದಕ್ಕೊಂದು ತೆಳುಗೆರೆ. ಎರಡಕ್ಕೂ ಒಂದೇ ಅಕ್ಷರ. ಚಲಿಸುವ ಹಡಗಿನ ಮೇಲೆ ಬಣ್ಣದ ಟಿಪ್ಪಣಿ ಮಾಡಿಕೊಳ್ಳುವವನ ಕೈ ಮಗುವಿನ ತೊಟ್ಟಿಲ ಬಳಿಯೂ ಅದೇ ಚಾಳಿ ಬಿಟ್ಟಿರಲಿಲ್ಲ. ಇನ್ನೊಂದು, ಪಾದದ ಬೆರಳುಗಳು. ಕೆಳ ಅಂಚಿನಲ್ಲಿ ಮೌಂಟ್ ಸುಮಾರು 6 ಮಿ.ಮೀ.ಯಷ್ಟು ಚಿತ್ರವನ್ನು ಮುಚ್ಚಿತ್ತು. ಮೂರು ಕಾಲ್ಬೆರಳ ತುದಿಗಳು ಅದರಡಿ ಇದ್ದವು. ಬೆಳಕು ಕಾಣದ ಆ ಮೂರು ತುದಿ ಎಳೆಗೆಂಪಾಗಿದ್ದವು. ಉಗುರಿನ ಸುತ್ತ ಬಣ್ಣ ಇನ್ನಷ್ಟು ದಟ್ಟ. ಮೌಂಟಿನ ಗೆರೆ ದಾಟಿದ ಕೂಡಲೇ ಅದೇ ಬೆರಳು ಮೇಣದಂತೆ ಬಿಳಿ. ಹಿಂದಿನ ಯಾವುದೋ ಮೌಂಟಿನ ಮಸುಕು ಗೆರೆಯೂ ಹೆಚ್ಚುಕಡಿಮೆ ಅಲ್ಲೇ ಇದ್ದುದರಿಂದ ಆ ತುದಿಗಳು ಬಹುಕಾಲ ಕತ್ತಲಲ್ಲೇ ಉಳಿದಿದ್ದವು.

ಆ ಕೆಂಪು ಅತಿನೇರಳೆಯಲ್ಲಿ ಹೊಳೆಯಲಿಲ್ಲ. ಹಾಗಾಗಿ ಮ್ಯಾಡರ್ ಬೇರಿನ ಬಣ್ಣವಲ್ಲ, ಅದಾಗಿದ್ದರೆ ಕಿತ್ತಳೆಗುಲಾಬಿಯಾಗಿ ಹೊಳೆಯಬೇಕಿತ್ತು. ಪಾದರಸವೂ ಇಲ್ಲ. ಪ್ರತಿಫಲಿತ ಬೆಳಕಿನ ವರ್ಣಪಟಲದಲ್ಲಿ 520 ಮತ್ತು 560 ನ್ಯಾನೊಮೀಟರ್‌ಗಳ ಆಸುಪಾಸು ಎರಡು ತಗ್ಗು ಬಂದವು. ಅದು ಕೊಚಿನೀಲ್ ಹುಳುವಿನಿಂದ ತೆಗೆದ ಕಾರ್ಮೈನ್. ಬೆಳಕಿಗೆ ಬಾಡುವ ಬಣ್ಣಗಳ ಪಟ್ಟಿಯಲ್ಲಿ ಕಾರ್ಮೈನ್‌ಗೆ ಮೊದಲ ಸಾಲಿನಲ್ಲೇ ಜಾಗ. 1888ರಲ್ಲಿ ರಸೆಲ್ ಮತ್ತು ಆಬ್ನಿ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ ಜಲವರ್ಣಗಳ ವರದಿಯಲ್ಲೇ ಅದರ ದೌರ್ಬಲ್ಯ ದಾಖಲಾಗಿದೆ.

ಈಗ ಮುಖದ ಕತೆ ಬಿಡಿಸಿಕೊಂಡಿತು. ತಂದೆ ಹಚ್ಚಿದ ಕಾರ್ಮೈನ್ ಗೋಡೆಯ ಮೇಲಿನ ಬೆಳಕಿಗೆ ಬಾಡಿತು. ಕೆನ್ನೆ ಬಿಳಿಚಿಕೊಂಡದ್ದನ್ನು ನೋಡಲಾರದೆ ಯಾರೋ ಸೀಸದ ಬಿಳಿಗೆ ಇಂಗಳೀಕ ಕಲಸಿ ಮೇಲೆ ಸವರಿದರು. ಆ ಸೀಸ ಕಪ್ಪಾಯಿತು. ಕಪ್ಪಾದ ಮುಖವನ್ನು ನೋಡಿದ ಮುಂದಿನ ತಲೆಮಾರು, ತೀರಿಕೊಂಡ ಮೊದಲ ಕೂಸಿನ ನೆನಪನ್ನು ಅದಕ್ಕೆ ಜೋಡಿಸಿ ಚೀಟಿ ಅಂಟಿಸಿತು.

ರಟ್ಟು ಬಿಡಿಸುವ ಕೆಲಸ, ಅದು ನಿಂತ ಗಳಿಗೆ

ಚಿತ್ರವನ್ನು ಸಿಲಿಕಾನ್ ಲೇಪಿತ ಪಾಲಿಯೆಸ್ಟರ್ ಹಾಳೆಯ ಮೇಲೆ ಮುಖ ಕೆಳಗಾಗಿ ಇಟ್ಟು, ರಟ್ಟನ್ನು ತೆಳು ಸ್ಪಾಚುಲಾದಿಂದ ಒಣದಾಗಿಯೇ ಪದರ ಪದರವಾಗಿ ಸೀಳಲಾಯಿತು. ಕೊನೆಗೆ ಕಾಗದದಷ್ಟು ತೆಳುವಾದ ಒಂದು ಪದರ ಉಳಿಯಿತು. ಅದರ ಅಂಟಿನ ಚೂರಿಗೆ ಅಯೋಡಿನ್ ಹಾಕಿದಾಗ ನೀಲಿಯಾಗಲಿಲ್ಲ, ಪಿಷ್ಟವಲ್ಲ. 2 ಶೇಕಡಾ ತಾಮ್ರದ ಸಲ್ಫೇಟ್, ಮೇಲೆ 5 ಶೇಕಡಾ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ನೇರಳೆಯಾಯಿತು. ಪ್ರೋಟೀನು, ಎಂದರೆ ಚರ್ಮ ಅಥವಾ ಮೂಳೆ ಕುದಿಸಿ ತೆಗೆದ ಅಂಟು. ಅದು ಸಡಿಲವಾಗಲು ತೇವ ಬೇಕೇ ಬೇಕು.

ಒಂದು ಮೂಲೆಯಲ್ಲಿ 4 ಶೇಕಡಾ ಮೀಥೈಲ್ ಸೆಲ್ಯುಲೋಸನ್ನು 3 ಮಿ.ಮೀ. ದಪ್ಪಕ್ಕೆ ಹಚ್ಚಿ 10 ನಿಮಿಷ ಬಿಡಲಾಯಿತು. ಮೊದಲ 2 ಸೆಂ.ಮೀ. ಪಟ್ಟಿ ಸಲೀಸಾಗಿ ಎದ್ದುಬಂತು. ಪಕ್ಕದ ಪಟ್ಟಿ ಎತ್ತಿದಾಗ ಲೇಪದೊಳಗೆ ನೀಲಿಗಪ್ಪು ಎಳೆ ಕಾಣಿಸಿತು. ಕೆಲಸ ಅಲ್ಲೇ ನಿಂತಿತು. ಬಾಥೊಫೆನಾಂಥ್ರೊಲಿನ್ ಸವರಿದ ಪರೀಕ್ಷಾ ಕಾಗದವನ್ನು ಸ್ವಲ್ಪ ತೇವ ಮಾಡಿ ಆ ಜಾಗಕ್ಕೆ 30 ಸೆಕೆಂಡು ಒತ್ತಿದಾಗ ಅದು ಕಡುಗುಲಾಬಿಯಾಯಿತು. ಕರಗುವ ಕಬ್ಬಿಣವಿದೆ ಎಂದರ್ಥ. ಕಾಗದದ ಬೆನ್ನಿನ ಮೇಲೆ ಮಾಚಿಕಾಯಿ ಮತ್ತು ಅನ್ನಭೇದಿಯಿಂದ (ಕಬ್ಬಿಣದ ಸಲ್ಫೇಟ್) ಮಾಡಿದ ಮಸಿಯಲ್ಲಿ ಬರವಣಿಗೆ ಇತ್ತು.

ಈ ಮಸಿಗೆ ನೀರು ತಾಗಿದರೆ ಎರಡು ಬಗೆಯ ಕೇಡು. ಅಕ್ಷರ ಹರಡುವುದು ಕಣ್ಣಿಗೆ ಕಾಣುವ ಕೇಡು. ಕರಗಿದ ಕಬ್ಬಿಣದ ಅಯಾನುಗಳು ನೀರಿನ ಜೊತೆ ಅಕ್ಕಪಕ್ಕಕ್ಕೆ ಹರಿದು, ಹೋದಲ್ಲೆಲ್ಲ ಕಾಗದದ ನಾರನ್ನು ಕೊರೆಯುವುದು ಕಾಣದ ಕೇಡು. ಮೊದಲಿನ ಯೋಜನೆಯಂತೆ ಇಡೀ ಹಾಳೆಯನ್ನು ಒದ್ದೆ ಬ್ಲಾಟಿಂಗ್ ಪೇಪರ್ ಮೇಲೆ ಹಾಸಿದ್ದರೆ ಬರಹದ ಬಹುಭಾಗ ಆ ಪೇಪರಿಗೆ ಇಳಿದುಹೋಗುತ್ತಿತ್ತು. ಅದನ್ನು ಕೈಬಿಡಲಾಯಿತು.

ಹಾಳೆಯನ್ನು ತೆಳು ದೀಪಫಲಕದ ಮೇಲಿಟ್ಟಾಗ, ಉಳಿದ ಪದರದ ಮೂಲಕವೇ ಮೂರು ಸಾಲುಗಳ ನೆರಳು ಕಂಡಿತು. ಅವು ಇರುವ ಜಾಗವನ್ನು ಗುರುತು ಹಾಕಿಕೊಂಡು ಮುಂದಿನ ದಾರಿ ಹಿಡಿಯಲಾಯಿತು: ಪದರದ ಮೇಲೆ ನೀರಿನ ಆವಿಯನ್ನಷ್ಟೇ ಬಿಡುವ ಗೋರ್‌ಟೆಕ್ಸ್ ಪೊರೆ, ಅದರ ಮೇಲೆ ಒದ್ದೆ ಬ್ಲಾಟಿಂಗ್ ಪೇಪರ್, ಮೇಲೊಂದು ಅಕ್ರಿಲಿಕ್ ಹಲಗೆ, 20 ನಿಮಿಷ. ಅಂಟು ಉಬ್ಬಿ ಮೆತ್ತಗಾಗುತ್ತದೆ, ಆದರೆ ದ್ರವರೂಪದ ನೀರು ಕಾಗದಕ್ಕಿಳಿಯುವುದಿಲ್ಲ. ಒಂದು ಸಲಕ್ಕೆ 3 × 3 ಸೆಂ.ಮೀ. ಮೀರದ ಹಾಗೆ ಟೆಫ್ಲಾನ್ ಸ್ಪಾಚುಲಾದಿಂದ ಪದರವನ್ನು ಎತ್ತಲಾಯಿತು. ಅಕ್ಷರಗಳ ಮೇಲೆ ಉಳಿದ ಅಂಟಿನ ತೆಳುಪೊರೆಯನ್ನು ಬೇಕೆಂದೇ ಬಿಡಲಾಯಿತು. ಅದನ್ನು ತೆಗೆಯಲು ಇನ್ನಷ್ಟು ತೇವ ಬೇಕಿತ್ತು, ಬಿಟ್ಟರೆ ಆಗುವ ಹಾನಿ ತೀರ ಕಡಿಮೆ. ಮೊದಲ ಲೇಪ ತಾಗಿದ ಜಾಗದಲ್ಲಿ ಒಂದು ಅಕ್ಷರದ ಬಾಲ ಹರಡಿದ್ದು ಬಿಟ್ಟರೆ ಬರಹ ಇಡಿಯಾಗಿ ಉಳಿಯಿತು.

ಬರಹದಲ್ಲಿದ್ದದ್ದು ಕೂಸಿನ ಹೆಸರಿನ ಮೊದಲಕ್ಷರ, ಐದು ತಿಂಗಳು ಎಂಬ ವಯಸ್ಸು, ತಿಂಗಳು ಮತ್ತು ಇಸವಿ, ಕೊನೆಗೆ ಬರೆದವನ ಸಹಿಯಕ್ಷರಗಳು. ತಿಂಗಳು ಏಪ್ರಿಲ್. ಹಡಗು ಹೊರಟದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಜನನ ನೋಂದಣಿಯ ದಿನಾಂಕದಿಂದ ಎಣಿಸಿದರೆ ಮೊದಲ ಕೂಸಿಗೆ ಆಗ ಸರಿಯಾಗಿ ಐದು ತಿಂಗಳು. ಕೈಬರಹವನ್ನು ಅಧಿಕಾರಿ ಹಡಗಿನಲ್ಲಿ ಬರೆದಿಟ್ಟ ದಿನಚರಿಯ ಜೊತೆ ಹೋಲಿಸಿ ನೋಡಲಾಯಿತು. ಅಂಕಿಗಳ ತಿರುವು, ದೊಡ್ಡಕ್ಷರಗಳ ಆರಂಭ ಎರಡೂ ಹೊಂದಿದವು. ಬೆಳಕು ಹಾಯಿಸಿದಾಗ ಕಾಗದದಲ್ಲಿ ವಾಟ್‌ಮನ್ ಟರ್ಕಿ ಮಿಲ್ ಎಂಬ ಇಂಗ್ಲಿಷ್ ಕಾಗದದ ಗಿರಣಿಯ ನೀರ್ಗುರುತಿನ ತುಂಡೂ ಕಂಡಿತು. ಅದರ ಇಸವಿ ಹಡಗು ಹೊರಡುವುದಕ್ಕಿಂತ ಒಂದು ವರ್ಷ ಹಿಂದಿನದು. ನೀರ್ಗುರುತು ಚಿತ್ರ ಯಾವಾಗಿನಿಂದ ಈಚಿನದು ಎಂಬುದನ್ನು ಮಾತ್ರ ಹೇಳಬಲ್ಲದು. ಎರಡನೆಯ ಕೂಸಿನ ವಾದವನ್ನು ಅದೊಂದರಿಂದ ತಳ್ಳಿಹಾಕಲಾಗುತ್ತಿರಲಿಲ್ಲ. ತಳ್ಳಿಹಾಕಿದ್ದು ಬೆನ್ನಿನ ಬರಹ.

ಹೀಗೆ ಕುಟುಂಬದ ಕತೆಯಲ್ಲಿ ಅರ್ಧ ನಿಜವಿತ್ತು. ಚಿತ್ರದಲ್ಲಿರುವುದು ತೀರಿಕೊಂಡ ಕೂಸೇ. ಆದರೆ ತಂದೆ ಅದನ್ನು ಬರೆದದ್ದು ಹೊರಡುವ ಕೆಲವೇ ವಾರ ಮೊದಲು, ಎದುರಿಗೆ ಕೈಕಾಲು ಆಡಿಸುತ್ತ ಮಲಗಿದ್ದಾಗ.

ಮುಖದ ಕಪ್ಪು

ಸೀಸದ ಕಪ್ಪನ್ನು ತಿರುಗಿಸುವ ರಸಾಯನ ಹಳೆಯದು. ಹೈಡ್ರೋಜನ್ ಪೆರಾಕ್ಸೈಡ್ ಸೀಸದ ಸಲ್ಫೈಡನ್ನು ಸೀಸದ ಸಲ್ಫೇಟ್ ಮಾಡುತ್ತದೆ, ಅದು ಬಿಳಿ. ಮೊದಲಿನ ಸೀಸದ ಬಿಳಿಯೇ ಮರಳುವುದಿಲ್ಲ, ಕಣ್ಣಿಗೆ ಮಾತ್ರ ಬಿಳುಪು ಬರುತ್ತದೆ. ನೀರು ಸೋಕದಿರಲೆಂದು ಹಿಂದೆ ಪೆರಾಕ್ಸೈಡನ್ನು ಈಥರ್‌ಗೆ ಇಳಿಸಿ ಬಳಸುತ್ತಿದ್ದರು. ಅದು ಸ್ಫೋಟದ ಅಪಾಯವಿರುವ ವಿಧಾನ, ಈಗ ಯಾರೂ ಅದಕ್ಕೆ ಕೈಹಾಕಬಾರದು.

ಇಲ್ಲಿ ಇನ್ನೊಂದು ಎಚ್ಚರ ಬೇಕಿತ್ತು. ಕಬ್ಬಿಣದ ಅಯಾನಿದ್ದಲ್ಲಿ ಪೆರಾಕ್ಸೈಡ್ ಬಿದ್ದರೆ ಕಾಗದದ ನಾರನ್ನು ಕತ್ತರಿಸುವ ಪ್ರಕ್ರಿಯೆ ಜೋರಾಗುತ್ತದೆ. ಬೆನ್ನಿನ ಬರಹ ಮುಖದ ನೇರ ಹಿಂದೆ ಇದ್ದಿದ್ದರೆ ಈ ಚಿಕಿತ್ಸೆಯನ್ನೇ ಬಿಡಬೇಕಾಗುತ್ತಿತ್ತು. ಬರಹ ಮುಖಕ್ಕಿಂತ 4 ಸೆಂ.ಮೀ. ಕೆಳಗಿತ್ತು. ಮುಖದ ಹಿಂಬದಿಯಲ್ಲಿ ಪರೀಕ್ಷಾ ಕಾಗದ ಬಿಳಿಯಾಗಿಯೇ ಉಳಿಯಿತು. ಆಮೇಲಷ್ಟೇ ಮುಂದುವರಿದದ್ದು.

ಮೊದಲು 3 ಶೇಕಡಾ ಪೆರಾಕ್ಸೈಡನ್ನು ಅತಿಸಣ್ಣ ಕುಂಚದಿಂದ ಹಣೆಯ ಮಚ್ಚೆಯ ಅಂಚಿಗೆ ಮುಟ್ಟಿಸಲಾಯಿತು. ಕಪ್ಪು ಹೋಯಿತು, ಆದರೆ ದ್ರವ ನಾರಿನಗುಂಟ 2 ಮಿ.ಮೀ. ಹೊರಗೆ ಹರಡಿ ಸುತ್ತ ತಿಳಿವರ್ತುಲ ಬಿತ್ತು. ಅಲ್ಲಿ ಅಳಿದುಳಿದ ಕಾರ್ಮೈನ್ ಸರಿದುಹೋಗಿತ್ತು. ಹಾಗಾಗಿ ಕುಂಚ ಬಿಟ್ಟು ಜೆಲ್ಲಾನ್ ಗೋಂದಿನ ಗಟ್ಟಿ ಜೆಲ್ ಆರಿಸಲಾಯಿತು. 3 ಶೇಕಡಾ ಜೆಲ್ ಹಾಳೆ ಮಾಡಿ, ಅದನ್ನು ಪೆರಾಕ್ಸೈಡಿನಲ್ಲಿ ನೆನೆಸಿ, ಮೇಲ್ಮೈಯ ದ್ರವವನ್ನು ಬ್ಲಾಟಿಂಗ್ ಪೇಪರಿನಿಂದ ತೆಗೆದು, ಸೂಕ್ಷ್ಮದರ್ಶಕದಡಿ ಮಚ್ಚೆಯ ಆಕಾರಕ್ಕೇ 1ರಿಂದ 2 ಮಿ.ಮೀ. ಚೂರುಗಳಾಗಿ ಕತ್ತರಿಸಿ ಇಡಲಾಯಿತು. ಒಂದು ಸಲಕ್ಕೆ ಒಂದು ನಿಮಿಷ ಮಾತ್ರ. ಎತ್ತಿದ ಮೇಲೆ ಪೂರ್ತಿ ಒಣಗಲು ಬಿಟ್ಟು ಮತ್ತೆ. ಗಟ್ಟಿ ಜೆಲ್ ತನ್ನ ದ್ರವವನ್ನು ತಾಗಿದ ಜಾಗಕ್ಕಷ್ಟೇ ಕೊಡುತ್ತದೆ, ಪಕ್ಕಕ್ಕೆ ಹರಿಸುವುದಿಲ್ಲ. ಕಪ್ಪು ಮೊದಲು ಕಂದಾಗಿ, ಆಮೇಲೆ ಬೂದಾಗಿ, ಕೊನೆಗೆ ಮಸುಕು ಗುಲಾಬಿಯಾಗಿ ನಿಂತಿತು. ಇಂಗಳೀಕಕ್ಕೆ ಏನೂ ಆಗಲಿಲ್ಲ. ಗಲ್ಲದ ಮಚ್ಚೆಯಲ್ಲಿ ಬೂದಿನ ಛಾಯೆ ಸ್ವಲ್ಪ ಉಳಿದಿದ್ದರೂ ಅಲ್ಲಿಗೇ ನಿಲ್ಲಿಸಲಾಯಿತು. ನೋಡುವ ದೂರದಲ್ಲಿ ಅದು ನೆರಳಿನಂತೆ ಕಾಣುತ್ತಿತ್ತು, ಇನ್ನಷ್ಟು ಒತ್ತಾಯಿಸಿದರೆ ಕಾಗದದ ಮೇಲ್ಮೈ ಏಳುವ ಲಕ್ಷಣವಿತ್ತು.

ಕೆನ್ನೆಗೆ ಬಣ್ಣ ಹಚ್ಚುವ ಪ್ರಶ್ನೆ

ಮುಖ ತಿಳಿಯಾದ ಮೇಲೆ ಕುಟುಂಬದ ಹಿರಿಯಕ್ಕ ಒಂದು ಕೋರಿಕೆ ಮುಂದಿಟ್ಟರು. ಕಾಲ್ಬೆರಳಿನಲ್ಲಿ ಮೂಲಬಣ್ಣ ಸಿಕ್ಕಿದೆ, ಕೆನ್ನೆಗೂ ಅದೇ ಬಣ್ಣ ಎಂದು ಚಿತ್ರಕಾರನೇ ಅಂಚಿನಲ್ಲಿ ಬರೆದಿಟ್ಟಿದ್ದಾನೆ, ಹಾಗಾದರೆ ಕೆನ್ನೆಗೆ ಅದನ್ನೇ ತುಂಬಬಾರದೇಕೆ? ಅವರ ತಮ್ಮನಿಗೆ ಇದು ಒಪ್ಪಿಗೆಯಿರಲಿಲ್ಲ. ಕೋರಿಕೆ ಹುಂಬತನದ್ದಲ್ಲ. ಹೋದ ಕೆಂಪನ್ನು ಮರಳಿ ತರಬೇಕೆಂಬ ಆಸೆ ಎಷ್ಟು ಸಹಜವೋ, ಅದಕ್ಕೆ ಸಾಕ್ಷ್ಯವೂ ಅಷ್ಟೇ ಬಲವಾಗಿತ್ತು. ಆದರೂ ಇದನ್ನು ಒಪ್ಪದಿದ್ದದ್ದು ಸರಿಯೆಂದೇ ನಮ್ಮ ನಿಲುವು. ಬಾಡಿದ ಕಾರ್ಮೈನ್ ಪೂರ್ತಿ ಹೋಗಿರಲಿಲ್ಲ, ಅದರ ಮೇಲೆ ಹೊಸ ಬಣ್ಣ ಬಿದ್ದರೆ ಬೇರ್ಪಡಿಸಲು ಆಗದು. ಈ ಚಿತ್ರದ ಮುಖ ಹಾಳಾದದ್ದೇ ಹಾಗೆ ಪ್ರೀತಿಯಿಂದ ಸವರಿದ ಬಣ್ಣದಿಂದ. ಆ ಹಳೆಯ ತಿದ್ದುಪಡಿಯನ್ನು ತೆಗೆದುಹಾಕುವುದನ್ನೂ ಯೋಚಿಸಿ ಬಿಡಲಾಯಿತು. ಅದನ್ನು ಕೀಳಲು ಹೋದರೆ ಅಡಿಯಲ್ಲಿರುವ ತಂದೆಯ ಬಣ್ಣವೂ ಜೊತೆಗೆ ಬರುತ್ತಿತ್ತು.

ಬದಲಿಗೆ, ಬಣ್ಣಪಟ್ಟಿಯ ಜೊತೆ ತೆಗೆದ ಚಿತ್ರವನ್ನೂ ಕಾಲ್ಬೆರಳಿನ ವರ್ಣಪಟಲದ ಅಳತೆಯನ್ನೂ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಮುಖದ ಬಣ್ಣವನ್ನು ಮರುಕಟ್ಟಿ, ಹತ್ತಿಕಾಗದದ ಮೇಲೆ ಅದೇ ಅಳತೆಯಲ್ಲಿ ಮುದ್ರಿಸಿ ಕೊಡಲಾಯಿತು. ಅದರ ಬೆನ್ನಿಗೆ ಮರುನಿರ್ಮಿತ ಪ್ರತಿ ಎಂದು ಮುದ್ರಿಸಲಾಗಿದೆ.

ಹೆಚ್ಚು ಚರ್ಚೆಯಾದದ್ದು ಹೊಸ ಮೌಂಟಿನ ಕಿಟಕಿಯ ಅಳತೆ. ಆ ಮೂರು ಬೆರಳ ತುದಿಗಳನ್ನು ತೋರಿಸಬೇಕೆಂದು ಎಲ್ಲರಿಗೂ ಆಸೆ. ಚಿಕ್ಕ ಚುಕ್ಕೆಯೊಂದರ ಮೇಲೆ ನಡೆಸಿದ ಸೂಕ್ಷ್ಮ ಬಾಡಿಕೆ ಪರೀಕ್ಷೆಯಲ್ಲಿ ಕಾರ್ಮೈನ್, ಬಣ್ಣ ಬೆಳಕಿಗೆ ಎಷ್ಟು ಬೇಗ ಬಾಡುತ್ತದೆಂದು ಅಳೆಯುವ ನೀಲಿಉಣ್ಣೆ ಮಾನಕದ 1 ಮತ್ತು 2ರ ನಡುವೆ ಬಂತು, ಅತಿ ಸೂಕ್ಷ್ಮ ಎಂದರ್ಥ. ತೆರೆದಿಟ್ಟರೆ ಚಿತ್ರದಲ್ಲಿ ಬಾಡದೆ ಉಳಿದಿರುವ ಏಕೈಕ ಮೂಲಕೆಂಪೂ ಕೆನ್ನೆಯ ದಾರಿ ಹಿಡಿಯುತ್ತದೆ. ಕೊನೆಗೆ ಕಿಟಕಿಯನ್ನು ಹಳೆಯ ಅಳತೆಗೇ ಕತ್ತರಿಸಿ ತುದಿಗಳನ್ನು ಮುಚ್ಚಿಯೇ ಇಡಲಾಯಿತು. ಕೆಳ ಅಂಚಿನ ಹಳೆಯ ಕಂದು ಗೆರೆಯೂ ಇದರಿಂದ ಮರೆಯಾಯಿತು.

ಬೇರೆ ಕೆಲಸಗಳಲ್ಲಿ ಉಪಯೋಗಕ್ಕೆ ಬರುವುದು

ಅಂಟಿಸಿದ ಹಿಂಬದಿ ರಟ್ಟಿನ ಅಡಿಯಲ್ಲಿ ಬರಹವಿದೆ ಎಂದೇ ಇಟ್ಟುಕೊಂಡು ಶುರುಮಾಡಬೇಕು. ಇಲ್ಲವೆಂದು ಸಾಬೀತಾಗುವವರೆಗೆ ಆವಿ, ಆಮೇಲೆ ಜೆಲ್, ತೀರ ಅನಿವಾರ್ಯವಾದರೆ ಮಾತ್ರ ಒದ್ದೆ ಲೇಪ. ದಪ್ಪ ರಟ್ಟಿನ ಮೂಲಕ ಬೆಳಕು ಹಾಯುವುದಿಲ್ಲ, ಅವಕೆಂಪಿಗೆ ಕಬ್ಬಿಣದ ಮಸಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಪದರ ತೆಳುವಾದ ಕೂಡಲೇ ದೀಪಫಲಕದ ಮೇಲಿಟ್ಟು ನೋಡುವುದನ್ನು ಕ್ರಮದ ಭಾಗವಾಗಿಸಬೇಕು. ಇಲ್ಲಿ ಆ ಹೆಜ್ಜೆ ಮೊದಲ ಲೇಪಕ್ಕಿಂತ ಮುಂಚೆ ಬಂದಿದ್ದರೆ ಆ ಒಂದು ಅಕ್ಷರದ ಬಾಲವೂ ಉಳಿಯುತ್ತಿತ್ತು.

ಜಲವರ್ಣದ ಮುಖದಲ್ಲಿ ಬೂದು ಕಂಡರೆ ಕೊಳೆ, ಬೂಷ್ಟು, ಚಿತ್ರಕಾರನ ಉದ್ದೇಶ ಎಂದು ಏನನ್ನೂ ತೀರ್ಮಾನಿಸುವ ಮುನ್ನ ಸೀಸವನ್ನು ಹುಡುಕಬೇಕು. ಕುಟುಂಬದ ಚೀಟಿಯನ್ನು ನಂಬಬೇಕಿಲ್ಲ, ಎಸೆಯಲೂ ಬಾರದು. ಇಲ್ಲಿನ ಚೀಟಿ ಚಿತ್ರದ ಬಗ್ಗೆ ತಪ್ಪು ಹೇಳಿತು, ಕೂಸಿನ ಬಗ್ಗೆ ಸರಿ ಹೇಳಿತು. ಅದೀಗ ಪಾಲಿಯೆಸ್ಟರ್ ಲಕೋಟೆಯಲ್ಲಿ ಚಿತ್ರದ ಜೊತೆಗೇ ಇದೆ. ನಾಲ್ಕು ಮೂಲೆಗಳಲ್ಲಿ ತುಕ್ಕುವರ್ತುಲವಿರುವ ಪಿನ್ನಿನ ತೂತುಗಳಿವೆ. ಚಿತ್ರ ಹಡಗಿನ ಕೋಣೆಯ ಗೋಡೆಯಲ್ಲಿತ್ತು ಎಂದು ಅವನ್ನು ತೋರಿಸಿ ಹೇಳಲು ಯಾರಿಗಾದರೂ ಆಸೆಯಾದೀತು. ಬರೆಯುವಾಗ ಹಲಗೆಗೆ ಚುಚ್ಚಿದ ಪಿನ್ನೂ ಇಂಥದೇ ತೂತು ಮಾಡುತ್ತದೆ. ವರದಿಯಲ್ಲಿ ತೂತುಗಳ ಅಳತೆ ಮಾತ್ರ ಇದೆ.

ನಮ್ಮೂರುಗಳ ಮನೆಗಳಲ್ಲೂ ಹಳೆಯ ಚಿತ್ರ, ಕೈಬಣ್ಣ ಹಚ್ಚಿದ ಫೋಟೊಗಳು ರಟ್ಟಿಗೆ ಅಂಟಿಕೊಂಡೇ ಗೋಡೆಯಲ್ಲಿವೆ. ಹೊಸ ಫ್ರೇಮ್ ಹಾಕಿಸುವವರು ಒಂದು ಮಾತು ನೆನಪಿಡಬೇಕು. ಬಿಳಿ ಪಿವಿಎ ಅಂಟು ಹಳತಾದ ಮೇಲೆ ನೀರಿಗೆ ಬಿಡುವುದಿಲ್ಲ. ಚಿತ್ರದ ಬೆನ್ನಿಗೆ ಅದು ಸೋಕದಂತೆ, ಮೇಲಂಚಿನಲ್ಲಿ ಎರಡು ಪುಟ್ಟ ಕಾಗದದ ಪಟ್ಟಿಯಿಂದ ಮಾತ್ರ ತೂಗುಹಾಕಿಸಬೇಕು.

ಈಗಿನ ವ್ಯವಸ್ಥೆ

ಚಿತ್ರವನ್ನು ಕೋಜೊ ನಾರಿನ ಜಪಾನಿ ಕಾಗದದ ಎರಡು ಪಟ್ಟಿ ಮತ್ತು ಗೋಧಿಪಿಷ್ಟದ ಅಂಟಿನಿಂದ ಹತ್ತಿಯ ರಟ್ಟಿಗೆ ಮೇಲಂಚಿನಲ್ಲಿ ಮಾತ್ರ ಕಟ್ಟಿದೆ. ಗಾಜಿಗೂ ಚಿತ್ರಕ್ಕೂ ನಡುವೆ 5 ಮಿ.ಮೀ. ಅಂತರ. ಗಾಜು ಅತಿನೇರಳೆ ತಡೆಯುವಂಥದು. ಬೆನ್ನಿನ ಬರಹವನ್ನು ಎತ್ತಿ ನೋಡಲು ಅನುಕೂಲವಾಗುವಂತೆ ಹಿಂಬದಿ ಹಲಗೆಯಲ್ಲಿ ಪಾಲಿಯೆಸ್ಟರ್ ಮುಚ್ಚಿದ ಕಿಂಡಿ ಇದೆ. ಕಬ್ಬಿಣದ ಮಸಿಗೆ ಕೊಡುವ ಕ್ಯಾಲ್ಸಿಯಂ ಫೈಟೇಟ್ ಚಿಕಿತ್ಸೆಗೆ ಹಾಳೆಯನ್ನು ಮುಳುಗಿಸಬೇಕಾದ್ದರಿಂದ ಅದನ್ನು ಮಾಡಿಲ್ಲ. ಅದರ ಬದಲು ತೇವಾಂಶವನ್ನು 45ರಿಂದ 50 ಶೇಕಡಾ ನಡುವೆ ಹಿಡಿದಿಡುವುದು, ವರ್ಷಕ್ಕೊಮ್ಮೆ ಬರಹದ ಅಂಚುಗಳನ್ನು ಅದೇ ಬೆಳಕಿನಲ್ಲಿ ಫೋಟೊ ತೆಗೆದು ಹೋಲಿಸುವುದು ಎಂದು ನಿಗದಿಯಾಗಿದೆ.

ಬೆಳಕಿನ ಲೆಕ್ಕ ಹೀಗೆ: ಈ ಬಗೆಯ ಬಣ್ಣಕ್ಕೆ ವರ್ಷಕ್ಕೆ 15,000 ಲಕ್ಸ್ ಗಂಟೆ ಮೀರಬಾರದು. 50 ಲಕ್ಸ್ ಬೆಳಕಿನಲ್ಲಿ ಅದು 300 ಗಂಟೆ. ದಿನಕ್ಕೆ 7 ಗಂಟೆಯಂತೆ ಆರು ವಾರ ಪ್ರದರ್ಶಿಸಿದರೆ 294 ಗಂಟೆಯಾಗುತ್ತದೆ. ಉಳಿದ ತಿಂಗಳುಗಳಲ್ಲಿ ಗೋಡೆಯ ಮೇಲೆ ಮುದ್ರಿತ ಪ್ರತಿ ಇರುತ್ತದೆ, ಮೂಲಚಿತ್ರ ಪೆಟ್ಟಿಗೆಯಲ್ಲಿರುತ್ತದೆ. ಕುಟುಂಬ ಚಿತ್ರವನ್ನು ಸಂಗ್ರಹಕ್ಕೆ ಒಪ್ಪಿಸಿದೆ. ದಾಖಲೆಯಲ್ಲಿ ಮರಣೋತ್ತರ ಎಂಬ ಪದವಿಲ್ಲ, ಐದು ತಿಂಗಳ ಕೂಸು, ಎದುರಿಗೆ ಕಂಡು ಬರೆದದ್ದು ಎಂದಿದೆ.